ಮರಿಯಪ್ಪನ ನೆರಳು

ನೀವು ಹೂಂಗುಟ್ಟಿದರೆ ನಾನು ಹೇಳ್ತೀನಿ, ತೂಕಡಿಸಿದರೆ ಎದ್ದು ಹೋಗ್ತೀನಿ. ಹೂಂ ಅಂದಿರಾ? ಸರಿ, ಕೇಳಿ ಹಾಗಾದರೆ.

ಒಂದೂರು. ಆ ಊರಲ್ಲಿ ನಿಂಗಾಜಮ್ಮ ಅಂತ ಒಬ್ಬ ತಾಯಿ. ಅವಳಿಗೊಬ್ಬ ಮಗ, ಮರಿಯಪ್ಪ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಮನಸ್ಸು ಬೆಣ್ಣೆ. ಅವ್ವ ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡೋನು. ಅವನಲ್ಲಿ ತೊಂದರೆ ಇದ್ದದ್ದೇ ಅದು.

ಆ ಮನೆಯ ಗೋಡೆಯಲ್ಲಿ ಒಂದು ಮೊಳೆ. ಗಂಡ ಸತ್ತಾಗ ಅವನ ಪಟ ನೇತುಹಾಕೋಕೆ ಅಂತ ನಿಂಗಾಜಮ್ಮ ಹೊಡೆದ ಮೊಳೆ. ನೇತುಹಾಕೋಕೆ ಪಟ ಎಲ್ಲಿತ್ತು? ಬದುಕಿದ್ದಾಗ ಯಾರೂ ಅವನ ಫೋಟೋ ತೆಗೆಸಿರಲಿಲ್ಲ. ವರ್ಷವರ್ಷ ಪಿತೃಪಕ್ಷಕ್ಕೆ ಬರೀ ಮೊಳೆಗೇ ಹೂವಿನ ಹಾರ ಹಾಕಿ ಕೈ ಮುಗಿಯೋಳು. ನೋಡಿದರೆ ಕರುಳು ಚುರ್ ಅನ್ನಬೇಕು.

ಈಗ ಅತ್ತೆ ಹೊನ್ನಜ್ಜಿಗೂ ವಯಸ್ಸಾಗಿತ್ತು. ಮಗಳು ದೇವೀರಿ ಬಾಣಂತನ ಮುಗಿಸಿ, ಕೂಸು ಎತ್ತಿಕೊಂಡು ಗಂಡನ ಮನೆಗೆ ಹೊರಡೋದರಲ್ಲಿದ್ದಳು. ನಿಂಗಾಜಮ್ಮ ಹಟ ಹಿಡಿದಳು. "ಅವಳು ಹೋಗೋದ್ರೊಳಗೆ ಒಂದು ಫೋಟೋ ಆಗ್ಲೇಬೇಕು. ಅತ್ತೆ, ಮಗಳು, ಕೂಸು, ನೀನು, ನಾನು. ಮನೆ ಮಂದಿಯೆಲ್ಲ ಒಂದೇ ಪಟದಾಗೆ ಇರ್ಬೇಕು! ಹೋಗ್ಲಾ ಮರಿಯಪ್ಪ, ಪೇಟೆ ಚೌಡಪ್ಪಣ್ಣನ್ನ ಕೇಳ್ಕೊಂಡು ಬಾ."

ಚೌಡಪ್ಪ ಅಂದರೆ ಪೇಟೆಯ ಫೋಟೋದವನು. ಮರಿಯಪ್ಪ ಹೋಗಿ ಕೇಳಿದ. ಚೌಡಪ್ಪ ಅಂದ: "ಮನೆಯೊಳಗೆ ಕತ್ಲು, ಅಂಗಳದಲ್ಲೇ ತೆಗೀಬೇಕು ಕಣಪ್ಪ. ನಡು ಮಧ್ಯಾಹ್ನ ಬ್ಯಾಡ, ಕಣ್ಣಿನ ಕೆಳಗೆಲ್ಲ ಕಪ್ಪಾಗಿ ನಿಮ್ಮಜ್ಜಿ ಗೂಬೆ ಥರ ಕಾಣ್ತಾರೆ. ನಿನ್ನ ನೆರಳು ನಿನಗಿಂತ ಉದ್ದ ಇರೋವಾಗ ಬಂದು ಹೇಳು, ಬರ್ತೀನಿ."

"ಗೊತ್ತಾಯ್ತು!" ಅಂದ ಮರಿಯಪ್ಪ.

ಮಾರನೇ ದಿನ ಹೊತ್ತು ಹುಟ್ಟುತ್ತಲೇ ಹೊರಟ. ಮನೆಯಲ್ಲಿ ಅಜ್ಜಿ ಮದುವೆ ಸೀರೆ ಉಟ್ಟು ಜಗಲಿ ಮೇಲೆ ಕೂತಳು. ಪೇಟೆ ಮೂಡಣಕ್ಕೆ. ಇವನು ನಾಕು ಹೆಜ್ಜೆ ಇಡೋದು, ತಿರುಗಿ ನೆರಳು ನೋಡೋದು. ಉದ್ದ ಐತೆ! ಮತ್ತೆ ನಡೆಯೋದು, ಮತ್ತೆ ತಿರುಗೋದು. ಅಯ್ಯೋ, ವಸಿ ಗಿಡ್ಡ ಆಯ್ತು! ಚೌಡಪ್ಪನ ಬಾಗಿಲಿಗೆ ಬರೋ ಹೊತ್ತಿಗೆ ನೆರಳು ಮೊಳದಷ್ಟಾಗಿ ಕಾಲ ಬುಡದಲ್ಲಿ ಮಲಗಿತ್ತು.

"ಏನಪ್ಪ ಬಂದೆ?" ಅಂದ ಚೌಡಪ್ಪ.

ಮರಿಯಪ್ಪ ತುಟಿಪಿಟಕ್ ಅನ್ನಲಿಲ್ಲ. ನೆರಳು ಉದ್ದ ಇದ್ದರೆ ತಾನೇ ಹೇಳೋದು? ಬಂದ ದಾರಿ ಹಿಡಿದು ವಾಪಸು ಬಂದ.

ಅಜ್ಜಿ ಇನ್ನೂ ಮದುವೆ ಸೀರೆಯಲ್ಲೇ ಕೂತಿದ್ದಳು. ನಿಂಗಾಜಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಬಾಗಿಲ ತನಕ ಹೋಗಿ ಬಾಯಿ ಹೊಲ್ಕೊಂಡು ಬಂದ್ಯೇನ್ಲಾ? ಕತ್ಲು ಇದ್ದಂಗೇ ಎದ್ದು ಹೋಗು. ಚೌಡಪ್ಪಣ್ಣ ಕಂಡ ತಕ್ಷಣ ಕೈ ಹಿಡ್ಕೊ. ಏನೇ ಅಂದ್ರೂ ಬಿಡಬ್ಯಾಡ. ಕರ್ಕೊಂಡೇ ಬಾ!"

"ಗೊತ್ತಾಯ್ತು ಕಣವ್ವ!" ಅಂದ ಮರಿಯಪ್ಪ.

ಚೌಡಪ್ಪ ಬೆಳಿಗ್ಗೆ ಎದ್ದು ಲುಂಗಿಯಲ್ಲಿ, ಬಾಯಿ ತುಂಬ ಹಲ್ಲುಪುಡಿ ಇಟ್ಟುಕೊಂಡು ಬಚ್ಚಲ ಹತ್ತಿರ ನಿಂತಿದ್ದ. ಮರಿಯಪ್ಪ ಬಂದವನೇ ಕೈ ಹಿಡಿದ.

"ಬಿಡೋ, ಬಾಯಿ ತೊಳ್ಕೊತೀನಿ!"

"ಅವ್ವ ಬಿಡಬ್ಯಾಡ ಅಂದವಳೆ!"

"ಬಿಡೋ, ಅಂಗಿ ಹಾಕ್ಕೊತೀನಿ!"

"ಅವ್ವ ಬಿಡಬ್ಯಾಡ ಅಂದವಳೆ!"

"ಲೋ, ಕ್ಯಾಮೆರಾ! ಕ್ಯಾಮೆರಾ ತಗೊತೀನಿ ಬಿಡೋ!"

"ಅದಕ್ಕೂ ಬಿಡಬ್ಯಾಡ ಅಂದವಳೆ!"

ದರದರ ಎಳೆದುಕೊಂಡು ಬಂದ. ಊರವರೆಲ್ಲ ಕಳ್ಳ ಸಿಕ್ಕಿದ ಅಂತ ಹಿಂದೆ ಬಂದರು. ಅಂಗಳದಲ್ಲಿ ಬೆಳಕು ಬಂಗಾರದ ಹಾಗೆ ಬಿದ್ದಿತ್ತು. ಅಜ್ಜಿ ತಯಾರು, ಕೂಸು ತಯಾರು. ಫೋಟೋದವನೂ ಬಂದ, ಹಲ್ಲುಪುಡಿ ಸಮೇತ. ಕ್ಯಾಮೆರಾ ಮಾತ್ರ ಪೇಟೆಯಲ್ಲಿ ಕೂತಿತ್ತು!

ನಿಂಗಾಜಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬಾಯಿ ತೊಳೆಯೋಕೆ ನೀರು ಕೊಟ್ಟಳು, ಕಾಫಿ ಕೊಟ್ಟಳು, ಗಂಡನ ಹಳೇ ಅಂಗಿ ಕೊಟ್ಟಳು. ಚೌಡಪ್ಪ ಒಳ್ಳೆಯವನು. "ಹೋಗ್ಲಿ ಬಿಡಿ ತಾಯಿ. ಸಂಜೆ ಬೆಳಕೂ ಅಷ್ಟೇ ಚೆಂದ, ಆಗ ಬರ್ತೀನಿ. ಇವನು ಬಂದು ಕ್ಯಾಮೆರಾ ಹೊತ್ಕೊಳ್ಲಿ" ಅಂದ. ಆಮೇಲೆ ಮರಿಯಪ್ಪನಿಗೆ ಬೆರಳು ತೋರಿಸಿ, "ಜೋಪಾನ ಕಣಪ್ಪ. ಸೂರ್ಯ ಯಾವಾಗ್ಲೂ ಕ್ಯಾಮೆರಾ ಬೆನ್ನಿಗಿರ್ಬೇಕು. ಅದರ ಮುಖಕ್ಕೆ ಬಿಸಿಲು ಬಿತ್ತೋ, ಕೆಲಸ ಕೆಟ್ಟಿತು" ಅಂದ.

"ಗೊತ್ತಾಯ್ತು!" ಅಂದ ಮರಿಯಪ್ಪ.

ಸಂಜೆ ಕ್ಯಾಮೆರಾ ಎದೆಗವಚಿಕೊಂಡು ಚೌಡಪ್ಪನ ಜೊತೆ ಹೊರಟ. ಪೇಟೆಯಿಂದ ಊರಿಗೆ ಬರೋದು ಪಡುವಣಕ್ಕೆ. ಸೂರ್ಯ ನೆಟ್ಟಗೆ ಎದುರಿಗೇ! ಮರಿಯಪ್ಪ ಗಕ್ಕನೆ ತಿರುಗಿದ. ಸೂರ್ಯ ಕ್ಯಾಮೆರಾ ಬೆನ್ನಿಗೆ ಬಂದ. ಹಾಗೇ ಹಿಂದುಹಿಂದಕ್ಕೆ ನಡೆದ.

"ಲೋ, ಮುಂದೆ ನೋಡಿ ನಡಿಯೋ!"

"ನೀನೇ ಅಂದ್ಯಲ್ಲಣ್ಣ!"

ಬೇಲಿಗೆ ಬೆನ್ನು ಹೊಕ್ಕಿತು. ಎಮ್ಮೆಗೆ ಬೆನ್ನು ತಾಗಿತು, ಎಮ್ಮೆ ಒದೆಯಿತು. ಕೊನೆಗೆ ದೊಪ್ಪನೆ ಕಾಲುವೆಗೆ ಬಿದ್ದ. ಕ್ಯಾಮೆರಾ ಮಾತ್ರ ಎರಡು ಕೈಯಲ್ಲಿ ಮೇಲೆ, ಸೂರ್ಯನಿಗೆ ಬೆನ್ನು ಹಾಕಿಕೊಂಡು ಕ್ಷೇಮವಾಗಿತ್ತು! ಚೌಡಪ್ಪ ಎಳೆದು ದಡಕ್ಕೆ ಹಾಕಿ, ಇಬ್ಬರೂ ಮನೆ ಮುಟ್ಟುವ ಹೊತ್ತಿಗೆ ಸೂರ್ಯ ಮುಳುಗಿಯೇ ಹೋಗಿದ್ದ.

ನಿಂಗಾಜಮ್ಮನ ತಾಳ್ಮೆಯ ಕಟ್ಟೆಯೊಡೆಯಿತು. ಮಾರನೇ ದಿನ ಮಧ್ಯಾಹ್ನಕ್ಕೆ ಅಳಿಯ ಗಾಡಿ ತರೋನಿದ್ದ. ಉಳಿದದ್ದು ಒಂದು ಬೆಳಿಗ್ಗೆ. "ಎಲ್ಲಾರ್ಗೂ ಅಡ್ಡ ಬರೋಕೇ ಹುಟ್ಟಿದ್ಯೇನ್ಲಾ? ನಾಳೆ ಏನೂ ಮಾಡಬ್ಯಾಡ! ನಿನ್ನ ನೆರಳು ಕೂಡ ಯಾರ ಮೇಲೂ ಬೀಳಕೂಡ್ದು, ತಿಳೀತಾ?" ಅಂದುಬಿಟ್ಟಳು.

"ಗೊತ್ತಾಯ್ತು ಕಣವ್ವ" ಅಂದ ಮರಿಯಪ್ಪ. ಈ ಸಲ ಮೆಲ್ಲಗೆ ಅಂದ.

ಚೌಡಪ್ಪ ಅಲ್ಲೇ ಉಂಡು ಮಲಗಿದ. ಬೆಳಿಗ್ಗೆ ಎಳೆಬಿಸಿಲು ಅಂಗಳಕ್ಕೆ ಬಂತು. ಅಜ್ಜಿ ಕೂಸನ್ನು ತೊಡೆ ಮೇಲಿಟ್ಟುಕೊಂಡು ಮಣೆ ಮೇಲೆ, ಹಿಂದೆ ನಿಂಗಾಜಮ್ಮ, ದೇವೀರಿ. "ಮರಿಯಪ್ಪ, ಅಜ್ಜಿ ಪಕ್ಕ ಕೂತ್ಕೊ. ಎಲ್ಲಾ ಇಲ್ಲಿ ನೋಡಿ, ಯಾರೂ ಅಲ್ಲಾಡಬ್ಯಾಡಿ!" ಅಂತ ಹೇಳಿ ಚೌಡಪ್ಪ ಕ್ಯಾಮೆರಾ ಸರಿಮಾಡೋಕೆ ಬಗ್ಗಿದ.

ಮರಿಯಪ್ಪ ಕೂತ. ತಿರುಗಿ ನೋಡಿದರೆ ಅವನ ನೆರಳು ಅವ್ವನ ಸೀರೆ ಮೇಲೆ! ಥಟ್ಟನೆ ಎದ್ದ. ಹಿಂದೆ ಹೋದ, ನೆರಳು ಹಸು ಮೇಲೆ! ಹಸುವೂ ಯಾರೋ ಒಬ್ಬರೇ ತಾನೆ? ಆಚೆ ಹೋದ, ಕೋಳಿಗಳ ಮೇಲೆ! ಕೋಳಿಗಳನ್ನು ದಾಟಿ ಜಿಗಿದು ಅಂಗಳದ ಅಂಚಿನ ಹೊಂಗೆ ಮರದಡಿ ಹೋಗಿ ನಿಂತ. ನೋಡಿದ, ನೆರಳೇ ಇಲ್ಲ! ಮರದ ನೆರಳಲ್ಲಿ ಇವನ ನೆರಳು ಕರಗಿಹೋಗಿತ್ತು. ಬಲು ಖುಷಿಯಾಯಿತು ಅವನಿಗೆ.

ಇವನ ಕುಣಿತ ಓರೆಗಣ್ಣಲ್ಲಿ ಕಂಡು ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು. ಚೌಡಪ್ಪ ಕ್ಯಾಮೆರಾದ ಕರೀಬಟ್ಟೆ ಒಳಗೆ ತಲೆ ಹಾಕಿದ. ಒಬ್ಬ ಕಡಿಮೆ ಕಂಡ. ತಾಯಿಯೇ ಬೇಡ ಅಂದಿರಬೇಕು ಅಂದುಕೊಂಡ. ನಿಂಗಾಜಮ್ಮ ಅಲ್ಲಾಡಬ್ಯಾಡಿ ಅಂದದ್ದಕ್ಕೆ ಕತ್ತು ತಿರುಗಿಸಲೇ ಇಲ್ಲ. ಕ್ಲಿಕ್! ಮಧ್ಯಾಹ್ನ ಗಾಡಿ ಬಂತು, ದೇವೀರಿ ಕೂಸಿನ ಜೊತೆ ಹೊರಟುಹೋದಳು.

ಕೆಲವು ದಿನ ಕಳೆದು ಚೌಡಪ್ಪ ಪಟಕ್ಕೆ ಕಟ್ಟು ಹಾಕಿಸಿ ತಂದ. ನಿಂಗಾಜಮ್ಮ ಅದನ್ನು ಗೋಡೆಗೆ ಆನಿಸಿ ಹಿಡಿದು, ಸೆರಗಲ್ಲಿ ಗಾಜು ಒರೆಸಿ ನೋಡಿದಳು. ಅಜ್ಜಿ ನಗು, ಆಹಾ! ಕೂಸು ಗುಂಡುಗುಂಡಗೆ, ಆಹಾ! ಹುಡುಕಿದಳು. ಇನ್ನೊಮ್ಮೆ ಹುಡುಕಿದಳು. "ನನ್ನ ಮಗ ಎಲ್ಲಿ?"

ಮರಿಯಪ್ಪ ಪಟದ ಕಟ್ಟಿನಿಂದಾಚೆ, ಬರೀ ಗೋಡೆಯ ಮೇಲೆ ಬೆರಳಿಟ್ಟ. "ಇಲ್ಲಿ ಕಣವ್ವ, ಹೊಂಗೆ ಮರದಡಿ ಇವ್ನಿ. ನೆರಳೂ ಯಾರ ಮೇಲೂ ಬೀಳಕೂಡ್ದು ಅಂದ್ಯಲ್ಲ? ಒಂದಿಷ್ಟೂ ಬೀಳಿಸ್ಲಿಲ್ಲ!"

ನಿಂಗಾಜಮ್ಮ ಈ ಸಲ ಬೈಯಲಿಲ್ಲ. ತನ್ನ ಮಾತು ತನಗೇ ಚುಚ್ಚಿತು. ಅವನ ತಲೆ ಸವರಿ, "ಅದು ಸಿಟ್ಟಲ್ಲಿ ಬಾಯಿಗೆ ಬಂದ ಮಾತು ಕಣ್ಲಾ ಮಗ. ನೀನಿಲ್ದೆ ಇದು ಮನೆ ಮಂದಿ ಪಟ ಹೆಂಗಾಯ್ತದೆ? ಅಜ್ಜಿ ಪಕ್ಕ ನೀನಿರ್ಬೇಕಿತ್ತು" ಅಂತ ಅತ್ತಳು. ಪಟವನ್ನು ಗಂಡನ ಮೊಳೆಯ ಪಕ್ಕ ಇನ್ನೊಂದು ಮೊಳೆಗೆ ಹಾಕಿದಳು.

"ಗೊತ್ತಾಯ್ತು ಕಣವ್ವ!" ಅಂದ ಮರಿಯಪ್ಪ.

ಮಾರನೇ ದಿನ ಎಳೆಬಿಸಿಲು ಕಿಟಕಿಯಲ್ಲಿ ಬರುವ ಹೊತ್ತು. ನಿಂಗಾಜಮ್ಮ ನೋಡಿದರೆ ಮರಿಯಪ್ಪ ಹಬ್ಬದ ಅಂಗಿ ಹಾಕಿ, ತಲೆಗೆ ಎಣ್ಣೆ ಬಳಿದು, ಒರಳುಕಲ್ಲು ಹತ್ತಿ ಗೋಡೆಗಂಟಿ ನಿಂತಿದ್ದಾನೆ. ಅವನ ಕೆನ್ನೆ ಪಟದ ಕಟ್ಟಿಗೆ ತಾಗಿದೆ, ಸರಿಯಾಗಿ ಅಜ್ಜಿ ಪಕ್ಕ. ಕಣ್ಣು ಮಿಟುಕಿಸಲ್ಲ, ಮೈ ಅಲ್ಲಾಡಿಸಲ್ಲ.

"ಏನ್ಲಾ ಇದು? ಇಳೀಲಾ!"

ಪಟದಲ್ಲಿದ್ದವರು ಮಾತಾಡ್ತಾರೆಯೇ?

"ಬಿಡೇ, ಹಸಿವಾದ್ರೆ ತಾನೇ ಇಳೀತಾನೆ" ಅಂದಳು ಹೊನ್ನಜ್ಜಿ.

ಹಸಿವಾಯಿತು. ಇಳಿಯಲಿಲ್ಲ. ಬಾಯಿ ಮಾತ್ರ ಮೆಲ್ಲಗೆ ಆ ಅಂತ ತೆರೆಯಿತು.

ನಿಂಗಾಜಮ್ಮ ಅಳುತ್ತ ನಗುತ್ತ ಮುದ್ದೆ ಮುರಿದು, ಸಾರಲ್ಲಿ ಅದ್ದಿ, ತುದಿಗಾಲಲ್ಲಿ ನಿಂತು ಪಟಕ್ಕೆ ತುತ್ತಿಟ್ಟಳು.