ಧವಳನ ಮೂರನೆಯ ಓಟ

“ಓಡುವಾಗ ಪಕ್ಕಕ್ಕೆ ತಿರುಗಬೇಡ, ಮಗೂ” ಎಂದು ತಾಯಿ ಎಳವೆಯಲ್ಲಿ ಹೇಳುತ್ತಿದ್ದ ಮಾತು ಧವಳನೆಂಬ ಕುದುರೆಗೆ ನೆನಪಾಯಿತು. ಪಕ್ಕದಲ್ಲಿ ತನ್ನ ಮೆಚ್ಚಿನ ಹೆಣ್ಣುಕುದುರೆ ಚಂದ್ರಿಯೇ ಓಡುತ್ತಿದ್ದರೂ ತಿರುಗಬಾರದೆ?

ಸಿನಿಮಾಕ್ಕೆ ಬಣ್ಣ ಬಾರದಿದ್ದ ಕಾಲ. ಪ್ರೇಮಹಾಸ್ಯದ ಚಿತ್ರವೊಂದಕ್ಕಾಗಿ ಕುದುರೆಪಂದ್ಯದ ಚಿತ್ರೀಕರಣ ನಡೆದಿತ್ತು. ನಾಯಕನನ್ನು ಹೊತ್ತ ಧವಳ ಗೆಲ್ಲಬೇಕಿತ್ತು. ಆದರೆ ಎರಡು ಸಲ ಓಡಿಸಿ ಚಿತ್ರೀಕರಿಸಿದಾಗಲೂ ಅದು ಸೋಲುವ ಕುದುರೆಗಳ ಸಾಲಿನಲ್ಲಿದ್ದ ಚಂದ್ರಿಗಾಗಿ ವೇಗ ತಗ್ಗಿಸಿತು.

“ಮಹಾರಾಯ, ಮತ್ತೆ ನಿಧಾನಿಸಿದರೆ ನಿನ್ನನ್ನೂ ನಮ್ಮ ಸಾಲಿಗೆ ತಳ್ಳುತ್ತಾರೆ. ನಾಯಕನ ಕುದುರೆಗೆಂದು ಕೊಡುವ ಬೆಲ್ಲ ಬೆರೆಸಿದ ಹುರುಳಿ ತಪ್ಪುತ್ತದೆ!” ಎಂದು ಮೂರನೆಯ ಓಟಕ್ಕೆ ಮುನ್ನ ಚಂದ್ರಿ ಗದರಿತು.

“ಅಲ್ಲಿ ನಿನ್ನ ಪಕ್ಕ ಜಾಗವಿದೆಯೆ?”

“ಇದೆ. ಆದರೆ ಧೂಳು ಬಹಳ.”

ಧವಳ ನೆರೆದಿದ್ದ ಕುದುರೆಗಳಿಗೆಲ್ಲ ಕೇಳುವಂತೆ ನುಡಿಯಿತು: “ನಾಯಕನನ್ನು ಬೇರೆ ಯಾರಾದರೂ ಹೊರಲಿ. ಈ ಸಲ ನಾನು ಚಂದ್ರಿಯ ಪಕ್ಕದಲ್ಲಿ ಸೋಲುತ್ತೇನೆ.”