ಬೆಲ್ಲದ ವ್ಯಾಪಾರಿಯ ಮೊಲ

"ಗುರುಗಳೇ, ಕಾಯಿಲೆಯಿಲ್ಲದ ಮೊಲಕ್ಕೆ ತಿಂಗಳು ತಿಂಗಳೂ ಜಂತುಹುಳುವಿನ ಔಷಧ ಕೊಡಬೇಕೋ, ಬೇಡವೋ?" ಎಂದು ಚೆನ್ನವೀರ ಕೇಳಿದ.

ಭಕ್ತರೊಬ್ಬರು ಆಶ್ರಮಕ್ಕೆ ಎರಡು ಮೊಲಗಳನ್ನು ಬಿಟ್ಟುಹೋಗಿದ್ದರು. ಅವುಗಳ ಆರೈಕೆ ಈ ಶಿಷ್ಯನದಾಗಿತ್ತು. ಹಿಂದಿನ ವಾರ ಒಂದು ಮೊಲ ಸತ್ತಿತ್ತು. ಅಂದಿನಿಂದ ಅವನಿಗೆ ಊಟ ರುಚಿಸುತ್ತಿರಲಿಲ್ಲ. ಪೇಟೆಗೆ ಹೋಗಿ ಔಷಧದ ಸೀಸೆ ತಂದಿದ್ದ. ಕೊಡು ಎಂದರು ಕೆಲವರು, ಕೊಡಬೇಡ ಎಂದರು ಕೆಲವರು. ಬೆಳಗಿನಿಂದ ಸೀಸೆ ಹಿಡಿದುಕೊಂಡು ಸಿಕ್ಕವರನ್ನೆಲ್ಲ ಅದನ್ನೇ ಕೇಳುತ್ತ ತಿರುಗುತ್ತಿದ್ದ. "ಉಳಿದದ್ದೂ ಹೋದರೆ ನಾನು ತಡೆದುಕೊಳ್ಳಲಾರೆ" ಎಂದ.

ಗುರುಗಳು ಸೀಸೆಯನ್ನು ಅವನ ಕೈಯಿಂದ ತೆಗೆದು ಪಕ್ಕಕ್ಕಿಟ್ಟರು. ಕೂರಲು ಹೇಳಿ, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನೂ ಅವನ ಹೆಂಡತಿಯೂ ಎರಡು ಮೊಲ ಸಾಕಿದ್ದರು. ಬೆಲ್ಲದ ವ್ಯಾಪಾರಿಯ ಮನೆ ಎಂದ ಮೇಲೆ ಕೇಳಬೇಕೇ, ಮೊಲಕ್ಕೂ ಬೆಲ್ಲವೇ. ಬೆಳಿಗ್ಗೆ ಅಚ್ಚುಬೆಲ್ಲದ ಚೂರು, ಮಧ್ಯಾಹ್ನ ಮೆತ್ತಗಿನ ಅನ್ನ, ಸಂಜೆ ಕಡಲೆಪುರಿ. ಹುಲ್ಲು ಹಾಕುವುದು ಗತಿಯಿಲ್ಲದವರ ಕೆಲಸ ಎಂದು ವ್ಯಾಪಾರಿ ತಿಳಿದಿದ್ದ. ಅವನಿಗೆ ಅವುಗಳ ಮೇಲೆ ಪ್ರೀತಿ ಇತ್ತು, ಅದರಲ್ಲಿ ಅನುಮಾನವಿಲ್ಲ. ಸಂಜೆ ಹೆಂಡತಿ ಕಂಬಕ್ಕೆ ಒರಗಿ ಕೂತರೆ ಎರಡೂ ಬಂದು ಅವಳ ಸೆರಗಿನ ಮೇಲೆ ಮಲಗುತ್ತಿದ್ದವು. ಅವುಗಳಿಗೆ ಎಚ್ಚರವಾದೀತೆಂದು ಅವಳು ದೀಪ ಹಚ್ಚಲು ಕೂಡ ಏಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಒಂದು ಮೊಲ ಸತ್ತುಬಿದ್ದಿತ್ತು. ನಿನ್ನೆಯವರೆಗೆ ಚೆನ್ನಾಗಿಯೇ ಇತ್ತಲ್ಲ ಎಂದು ಇಬ್ಬರೂ ಅತ್ತರು. ಬೆಲ್ಲ ತಿಂದರೆ ಹೊಟ್ಟೆಯಲ್ಲಿ ಹುಳು ಆಗದೆ ಇರುತ್ತದೆಯೇ ಎಂದು ನೆರೆಯವರು ಹೇಳಿದರು. ಮಕ್ಕಳನ್ನು ಬೆದರಿಸಲು ಹೇಳುವ ಮಾತು ಅದು. ವ್ಯಾಪಾರಿಯ ಎದೆಗೆ ನಾಟಿತು. ತನ್ನ ಬೆಲ್ಲವೇ ಅದನ್ನು ಕೊಂದಿತು ಎಂದುಕೊಂಡ. ಆದರೂ ಬೆಲ್ಲ ನಿಲ್ಲಿಸಲು ಮನಸ್ಸು ಬರಲಿಲ್ಲ. ಪ್ರೀತಿ ತೋರಿಸುವುದಕ್ಕೆ ಪಾಪ, ಅವನಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಬೆಲ್ಲವೂ ಇರಲಿ, ಔಷಧವೂ ಇರಲಿ ಎಂದು ಪಶುವೈದ್ಯರ ಬಳಿಗೆ ಹೋದ.

"ಮೊದ್ಲು ಅದ್ರ ಹಿಕ್ಕೆ ತಗೊಂಡು ಬನ್ನಿ ಸಾಹುಕಾರ್ರೇ. ಹುಳ ಇದ್ರೆ ಔಷಧ ಕೊಡೋಣ" ಎಂದರು ವೈದ್ಯರು.

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅನ್ನೋ ಹಾಗಾಗಬಾರದು ಸ್ವಾಮಿ. ಮೊದ್ಲೇ ಕೊಟ್ಬಿಡೋದು ವಾಸಿ" ಎಂದ ವ್ಯಾಪಾರಿ. ಹಿಕ್ಕೆ ಆರಿಸಿಕೊಂಡು ಬರುವುದು ಅವನ ಅಂತಸ್ತಿಗೆ ಒಗ್ಗುವ ಕೆಲಸವೂ ಆಗಿರಲಿಲ್ಲ. ಅಂಗಡಿಯಿಂದ ಸೀಸೆ ಕೊಂಡು ಮನೆಗೆ ಬಂದ.

ಅಮಾವಾಸ್ಯೆಗೊಮ್ಮೆ ಔಷಧ ಎಂದು ನೇಮವಾಯಿತು. ಮೊದಲ ಸಲ ಬೆಲ್ಲದಲ್ಲಿ ಬೆರೆಸಿ ಕೊಟ್ಟ. ಮೊಲ ಒಮ್ಮೆ ನೆಕ್ಕಿ, ಅಂದಿನಿಂದ ಬೆಲ್ಲವನ್ನೇ ಬಿಟ್ಟಿತು. ಆಮೇಲೆ ಹೆಂಡತಿ ಅದನ್ನು ಸೆರಗಿನಲ್ಲಿ ಸುತ್ತಿ ಅದುಮಿ ಹಿಡಿಯುವುದು, ಅವನು ಬಾಯಿಗೆ ಹೊಯ್ಯುವುದು. ಔಷಧ ಕೊಟ್ಟ ದಿನ ಅವನು ಹಗುರಾಗಿ ಅಂಗಡಿಗೆ ಹೋಗುತ್ತಿದ್ದ. ಮತ್ತೆ ಅಮಾವಾಸ್ಯೆ ಬರುವವರೆಗೆ ಮೊಲದ ಚಿಂತೆ ಅವನಿಗಿರಲಿಲ್ಲ.

ಮೊಲ ಮಾತ್ರ ಸೆರಗು ಕಂಡರೆ ಗೂಡಿನ ಮೂಲೆ ಸೇರತೊಡಗಿತು. ಹೆಂಡತಿ ದಿನವೂ ಕಂಬದ ಬಳಿ ಕೂತು ಕಾಯುತ್ತಿದ್ದಳು. ಅದು ಬರುತ್ತಿರಲಿಲ್ಲ. ಹೆದರಿಕೆಗೆ ಮೂಲೆ ಹಿಡಿದಿದೆ ಎಂದು ಇಬ್ಬರೂ ತಿಳಿದರು. ಒಂದು ಅಮಾವಾಸ್ಯೆಯ ಬೆಳಿಗ್ಗೆ ಅವಳು, "ಇನ್ನು ನಾನು ಹಿಡ್ಕೊಳ್ಳಲ್ಲ. ಅದು ಸತ್ತು ಹೋಯ್ತು. ಇದು ಬದುಕಿದ್ದೂ ನನಗಿಲ್ಲದ ಹಾಗಾಯ್ತು" ಎಂದು ಕಣ್ಣೊರೆಸಿಕೊಂಡು ಒಳಗೆ ಹೋದಳು.

ಒಬ್ಬನೇ ಔಷಧ ಹೊಯ್ಯುವುದು ಆಗದ ಕೆಲಸ. ವ್ಯಾಪಾರಿ ಸೀಸೆ ಕೆಳಗಿಟ್ಟ. ಏನು ಮಾಡಬೇಕೆಂದು ತೋಚದೆ ಹಿತ್ತಲಿನಿಂದ ಒಂದು ಹಿಡಿ ಗರಿಕೆ ಕಿತ್ತು ತಂದು, ಗೂಡಿನ ಮುಂದೆ ಕೂತ. ಅಂಗಡಿ ತೆರೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೊಲ ಮೆಲ್ಲಗೆ ಮುಂದೆ ಬಂತು. ಒಂದು ಎಸಳನ್ನು ಬಾಯಿಗೆ ತೆಗೆದುಕೊಂಡು, ಒಮ್ಮೆ ಅಗಿದು, ಬಿಟ್ಟಿತು. ಮತ್ತೆ ತೆಗೆದುಕೊಂಡಿತು, ಮತ್ತೆ ಬಿಟ್ಟಿತು. ಅದಕ್ಕೆ ಹಸಿವಿತ್ತು, ತಿನ್ನಲು ಆಗುತ್ತಿರಲಿಲ್ಲ. ಗಲ್ಲದ ಕೂದಲು ಜೊಲ್ಲಿನಿಂದ ಒದ್ದೆಯಾಗಿತ್ತು. ಅವನು ಬೆನ್ನು ಸವರಿದ. ಕೈಗೆ ಮೂಳೆ ಸಿಕ್ಕಿತು.

ಮೊಲವನ್ನು ಮಡಿಲಲ್ಲಿಟ್ಟುಕೊಂಡು ವೈದ್ಯರ ಬಳಿಗೆ ಓಡಿದ. ವೈದ್ಯರು ಬಾಯಿ ತೆರೆದು ನೋಡಿದರು. ದವಡೆಹಲ್ಲು ಬೆಳೆದು ನಾಲಗೆಗೆ ಚುಚ್ಚುತ್ತಿತ್ತು. ಮೊಲದ ಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತದೆ, ಹುಲ್ಲು ಅಗಿದರೆ ಸವೆಯುತ್ತದೆ, ಬೆಲ್ಲಕ್ಕೂ ಅನ್ನಕ್ಕೂ ಸವೆಯುವುದಿಲ್ಲ ಎಂದು ಹೇಳಿ ಹಲ್ಲನ್ನು ಉಜ್ಜಿ ಸರಿಮಾಡಿದರು. ಹಿಕ್ಕೆಯನ್ನೂ ಪರೀಕ್ಷಿಸಿದರು. ಅದರಲ್ಲಿ ಹುಳು ಇರಲಿಲ್ಲ.

"ಸತ್ತುಹೋದ ಮೊಲಕ್ಕೂ ಹೀಗೇ ಆಗಿತ್ತಾ ಸ್ವಾಮಿ?" ಎಂದು ವ್ಯಾಪಾರಿ ಕೇಳಿದ.

"ನಾನು ಅದನ್ನ ನೋಡಿಲ್ಲ ಸಾಹುಕಾರ್ರೇ. ನೀವು ನೋಡಿದ್ರಾ?" ಎಂದರು ವೈದ್ಯರು.

ವ್ಯಾಪಾರಿ ಮೊಲವನ್ನು ಎತ್ತಿಕೊಂಡು ಮನೆಗೆ ಬಂದ. ಅಂದಿನಿಂದ ಗಂಡ ಹೆಂಡತಿ ಹುಲ್ಲು ಹಾಕಿದರು, ತಿನ್ನುವವರೆಗೆ ಜೊತೆಯಲ್ಲಿ ಕೂತರು. ಬೆಳಿಗ್ಗೆ ಗೂಡು ಗುಡಿಸುವಾಗ ಹಿಕ್ಕೆ ನೋಡಿದರು. ಅಂತಸ್ತೇನೂ ಕಡಿಮೆಯಾಗಲಿಲ್ಲ. ಮುಂದಿನ ಮಳೆಗಾಲದಲ್ಲಿ ಮೊಲ ಸೊರಗಿದಂತೆ ಕಂಡಿತು. ಹಿಕ್ಕೆ ಒಯ್ದು ತೋರಿಸಿದರು, ಹುಳು ಇತ್ತು. ವೈದ್ಯರು ಹೇಳಿದಷ್ಟು ಔಷಧ ಕೊಟ್ಟರು. ಅದೇ ಸೀಸೆಯ ಔಷಧವೇ. ಮೊಲ ಚೇತರಿಸಿಕೊಂಡಿತು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ, "ಹಾಗಾದರೆ ಈ ಸೀಸೆಯನ್ನು ಇಟ್ಟುಕೊಳ್ಳಲೋ, ಚೆಲ್ಲಿಬಿಡಲೋ ಗುರುಗಳೇ?" ಎಂದು ಕೇಳಿದ.

ಗುರುಗಳು ಅವನ ತಲೆ ಸವರಿ, "ಅದಿರಲಿ ಮಗು, ಇವತ್ತು ಬೆಳಿಗ್ಗೆ ನಿನ್ನ ಮೊಲ ಹುಲ್ಲು ತಿಂದಿತೇ?" ಎಂದರು.

ಚೆನ್ನವೀರ ಸೀಸೆಯನ್ನು ಅಲ್ಲೇ ಬಿಟ್ಟು, ಎದ್ದು ಮೊಲದ ಗೂಡಿನ ಕಡೆಗೆ ನಡೆದ.