ಒಬ್ಬನ ಅಳತೆಯ ಬಚ್ಚಲು

"ತನ್ನ ಮನೆಯನ್ನು ತನ್ನ ಮನಸ್ಸಿಗೆ ಬಂದಂತೆ ಕಟ್ಟಿಕೊಳ್ಳುವುದರಲ್ಲಿ ತಪ್ಪೇನಿದೆ, ತಾಯಿ?" ಎಂದು ಶಿಷ್ಯ ಕೇಳಿದ.

ಅವನು ಆಶ್ರಮ ಬಿಟ್ಟು ಸಂಸಾರಕ್ಕೆ ಹೊರಟವನು. ವರ್ಷಗಟ್ಟಲೆ ಬಾವಿಕಟ್ಟೆಯಲ್ಲಿ ಸರದಿ ಕಾದು, ಹತ್ತಾರು ಜನರ ಕಣ್ಣೆದುರು ಮಿಂದು ಬೇಸತ್ತವನು. ಮುಂದೆ ಕಟ್ಟಬೇಕೆಂದಿದ್ದ ಮನೆಯನ್ನು ಮರಳಿನ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದ್ದ. ಅಡುಗೆಮನೆಗಿಂತ ಬಚ್ಚಲಿಗೇ ಹೆಚ್ಚು ಗೆರೆ ಬಿದ್ದಿದ್ದವು.

ಗುರುತಾಯಿ ಆ ಗೆರೆಗಳನ್ನು ನೋಡಿದರು. ಬಹಳ ಊರು ಸುತ್ತಿದವರು, ಬಹಳ ಬಚ್ಚಲು ಕಂಡವರು.

"ತಪ್ಪೇನಿಲ್ಲ," ಎಂದರು. "ಕೂತುಕೋ. ಒಬ್ಬ ವರ್ತಕನ ಕತೆ ಹೇಳುತ್ತೇನೆ."

ಒಬ್ಬ ವರ್ತಕನಿದ್ದ. ಹಡಗು ಹತ್ತಿ ದೂರದ ಬಂದರುಗಳಿಗೆ ಹೋಗಿ ಮೆಣಸು ಮಾರಿ ಬರುತ್ತಿದ್ದ. ಹೋದಲ್ಲೆಲ್ಲ ಛತ್ರದಲ್ಲಿ ಮಲಗಿದ, ಕಂಡವರ ಚೊಂಬಿನಲ್ಲಿ ನೀರು ಹೊಯ್ದುಕೊಂಡ. ಒದ್ದೆ ಪಂಚೆಯಲ್ಲಿ ಗಾಳಿಗೆ ನಿಂತು ನಡುಗುವಾಗಲೆಲ್ಲ ಅವನಿಗೆ ಒಂದೇ ಯೋಚನೆ. ನನ್ನದೇ ಮನೆ, ನನ್ನದೇ ಬಚ್ಚಲು, ಬಾಗಿಲು ಹಾಕಿಕೊಂಡರೆ ಲೋಕವೆಲ್ಲ ಆಚೆ.

ತಿರುಗಾಟ ಸಾಕೆನಿಸಿದ ಮೇಲೆ ಮನೆ ಕಟ್ಟಿಸಿದ. ಉಳಿದ ಕೋಣೆಗಳನ್ನು ಗಾರೆಯವರಿಗೆ ಬಿಟ್ಟ. ಬಚ್ಚಲನ್ನು ಮಾತ್ರ ಎದುರು ನಿಂತು ಮಾಡಿಸಿದ. ಕೂರುವ ಕಲ್ಲನ್ನು ತಾನೇ ಕೂತು ತೋರಿಸಿ ಕಡೆಸಿದ. ಸೀಗೆಪುಡಿಯ ಗೂಡು ತನ್ನ ಬಲಗೈ ಚಾಚಿದಲ್ಲಿ, ಪಂಚೆಯ ಗೂಟ ತನ್ನ ಎತ್ತರಕ್ಕೆ, ಕೋಣೆಯ ಅಗಲ ತನ್ನ ಮೊಣಕೈ ಆಡುವಷ್ಟು. ಹಂಡೆಯನ್ನು ಗೋಡೆಯ ಹೊರಗೆ ಎತ್ತರದ ಒಲೆಯ ಮೇಲೆ ಕೂರಿಸಿ, ಅದರಿಂದ ತಾಮ್ರದ ಕೊಳವೆಯೊಂದನ್ನು ಒಳಕ್ಕೆ ಇಳಿಸಿದ. ಸರಪಳಿ ಎಳೆದು ಮೊಳೆಗೆ ಸಿಕ್ಕಿಸಿದರೆ ಬಿಸಿನೀರು ನೆತ್ತಿಯ ಮೇಲೆ ಸುರಿಯುತ್ತಿತ್ತು, ಬಿಡಿಸಿದರೆ ನಿಲ್ಲುತ್ತಿತ್ತು. ಹೊರಗಿನವರು ಎಳೆದು ಇಣುಕಬಾರದೆಂದು ಬಾಗಿಲನ್ನು ಒಳಕ್ಕೆ ತೆರೆಯುವಂತೆ ಇರಿಸಿದ.

ಗೋಡೆಗಳೆಲ್ಲ ಕಲ್ಲಿನವು. ಹಿತ್ತಲ ಕಡೆಯದು ಮಾತ್ರ ಮಣ್ಣಿನದು. ಅದಕ್ಕೆ ಒಳಗಿನಿಂದ ನೀಲಿ ಹೂವಿನ ಪಿಂಗಾಣಿ ಬಿಲ್ಲೆ ಹೊದಿಸಿದ. ಯಾವುದೋ ಬಂದರಿನಲ್ಲಿ ಬಿಲ್ಲೆ ಮಾಡುವ ಒಬ್ಬ ಮುದುಕನಿಂದ ಕೊಂಡು, ಹುಲ್ಲಿನಲ್ಲಿ ಸುತ್ತಿ, ದಾರಿಯುದ್ದಕ್ಕೂ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದ ಬಿಲ್ಲೆಗಳು. ಆ ಮುದುಕ ತೀರಿಹೋಗಿದ್ದ. ಅಂಥವು ಇನ್ನು ಯಾವ ಬಂದರಿನಲ್ಲೂ ಸಿಗುವಂತಿರಲಿಲ್ಲ.

ಹೆಂಡತಿ ಹೊಸ್ತಿಲಲ್ಲಿ ನಿಂತು ನೋಡಿದಳು.

"ಇದು ಬಚ್ಚಲೋ, ನೀವು ಹೊಲಿಸಿಕೊಂಡ ಅಂಗಿಯೋ?" ಎಂದಳು.

"ಅಂಗಿಯನ್ನು ಇಬ್ಬರು ತೊಡುತ್ತಾರೇನೇ?" ಎಂದು ಅವನು ನಕ್ಕ.

ಅವಳೂ ನಕ್ಕಳು. ಹಿತ್ತಲಲ್ಲಿ ತೆಂಗಿನ ಗರಿಯ ತಟ್ಟಿ ಕಟ್ಟಿಕೊಂಡು ಅದರ ಮರೆಯಲ್ಲೇ ಮೀಯುತ್ತಿದ್ದಳು.

ಅವರಿಗೆ ಒಬ್ಬಳೇ ಮಗಳು. ಅಪ್ಪ ಹಡಗಿನಿಂದ ಇಳಿದು ಬಂದಾಗಲೆಲ್ಲ, ಗಂಟಿನಲ್ಲಿ ಏನಿದೆಯೆಂದು ಕೇಳುವ ಮೊದಲೇ ಕೊರಳಿಗೆ ಜೋತುಬೀಳುತ್ತಿದ್ದವಳು. ಲೋಕವೆಲ್ಲ ಅಲೆದರೂ ಅವನು ಆ ತೂಕವನ್ನು ಮರೆತಿರಲಿಲ್ಲ. ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಕೂಸೂ ಹುಟ್ಟಿತು.

ಬಾಣಂತಿಗೆ ಮೊದಲ ಎಣ್ಣೆನೀರು ಹಾಕುವ ದಿನ ಬೆಳಗಿನಿಂದಲೇ ಥಂಡಿ ಗಾಳಿ. ಬಾಣಂತಿಯ ಮೈಗೆ ಗಾಳಿ ಸೋಕಬಾರದು. ಹಿತ್ತಲ ತಟ್ಟಿಯ ಮರೆಯಲ್ಲಿ ಗಾಳಿ ಬಿಟ್ಟರೆ ಬೇರೇನೂ ಇರಲಿಲ್ಲ.

"ನನ್ನ ಬಚ್ಚಲಿಗೆ ಕಳಿಸು," ಎಂದ ವರ್ತಕ. "ಅಲ್ಲಿ ಗಾಳಿಗೆ ದಾರಿಯೇ ಇಲ್ಲ."

"ನೀರು ಹೊಯ್ಯುವ ನಾನೆಲ್ಲಿ ನಿಲ್ಲಲಿ? ನಿಮ್ಮ ಗೂಟಕ್ಕೆ ನೇತುಬೀಳಲೇ?"

"ಕೊಳವೆಯೇ ಹೊಯ್ಯುತ್ತದೆ. ನೀನು ಒಲೆ ನೋಡಿಕೋ."

ಬಾಣಂತಿಯನ್ನು ಒಬ್ಬಳನ್ನೇ ನೀರಿಗೆ ಬಿಡುವ ವಾಡಿಕೆ ಆ ಸೀಮೆಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಹೆಂಡತಿ ಎಣ್ಣೆಬಟ್ಟಲು ಹಿಡಿದು ಅನುಮಾನಿಸುತ್ತ ನಿಂತಳು. ಮಗಳೇ ಎದ್ದಳು.

"ಹೋಗುತ್ತೇನಮ್ಮ. ಅಪ್ಪಯ್ಯನ ಬಚ್ಚಲನ್ನು ನಾನು ಒಳಗಿನಿಂದ ನೋಡಿಯೇ ಇಲ್ಲ."

ವರ್ತಕ ಹಿಗ್ಗಿದ. ತಾನೇ ಹೋಗಿ ಬಚ್ಚಲಿಗಿದ್ದ ಒಂದೇ ಗವಾಕ್ಷಿಗೆ ಹಳೆಯ ಕಂಬಳಿ ತುರುಕಿ ಬಂದ, ಒಂದೆಳೆ ಗಾಳಿಯೂ ನುಗ್ಗಬಾರದೆಂದು.

ಮಗಳು ಒಳಗೆ ಹೋದಳು. ಸರಪಳಿಯ ಸದ್ದಾಯಿತು, ನೀರಿನ ಸದ್ದಾಯಿತು. ಅವನು ಬಾಗಿಲ ಹೊರಗೇ ನಿಂತಿದ್ದ. ತನ್ನ ಬಚ್ಚಲನ್ನು ಇನ್ನೊಬ್ಬರು ಮೆಚ್ಚುವುದನ್ನು ಕೇಳುವ ಆಸೆ.

"ಹೇಗಿದೆ, ಪುಟ್ಟೀ?"

"ನಿಮ್ಮ ಕಲ್ಲಿನಲ್ಲಿ ಕೂತರೆ ಜಾರಿಹೋಗುತ್ತೇನೆ, ಅಪ್ಪಯ್ಯ," ಎಂದು ಒಳಗಿನಿಂದ ನಗುತ್ತ ಹೇಳಿದಳು. "ಹಬೆ ತುಂಬಾ ಇದೆ. ಗೋಡೆಯ ಹೂವೇ ಕಾಣಿಸುತ್ತಿಲ್ಲ."

ಆಮೇಲೆ ಏನೋ ಬಿದ್ದ ಸದ್ದಾಯಿತು. ದೊಡ್ಡ ಸದ್ದೇನಲ್ಲ. ನೆನೆದ ಬಟ್ಟೆಯ ಗಂಟು ಬಿದ್ದ ಹಾಗೆ.

"ಪುಟ್ಟೀ?"

ನೀರಿನ ಸದ್ದು ನಿಲ್ಲಲಿಲ್ಲ. ಬೇರೆ ಸದ್ದು ಬರಲಿಲ್ಲ.

ಅವನು ಬಾಗಿಲು ನೂಕಿದ. ಅದು ಬೆರಳಗಲ ಸರಿದು ನಿಂತಿತು. ಅಡ್ಡ ಬಂದದ್ದು ಅಗುಳಿಯಲ್ಲ. ಅಗುಳಿ ಅಷ್ಟು ಮೆತ್ತಗಿರುವುದಿಲ್ಲ. ಸಂದಿಯಿಂದ ಹಬೆ ಮುಖಕ್ಕೆ ರಾಚಿತು. ಕೆಳಗೆ ಒದ್ದೆ ಕೂದಲು ಕಂಡಿತು. ಅವಳು ಬಾಗಿಲಿಗೆ ತಲೆಯಾನಿಸಿ, ಕಲ್ಲಿಗೂ ಬಾಗಿಲಿಗೂ ನಡುವೆ ಸಿಕ್ಕಿಬಿದ್ದಿದ್ದಳು. ಇನ್ನು ನೂಕಿದರೆ ಅವಳ ಕತ್ತನ್ನೇ ನೂಕಬೇಕು. ಯಾರಾದರೂ ಬಿದ್ದರೆ ಮೈ ಚಾಚಲೂ ಜಾಗವಿಲ್ಲದಂತೆ ಆ ಕೋಣೆಯನ್ನು ಅಳೆದವನು ಅವನೇ.

ಹೆಂಡತಿ ಒಲೆಯ ಬಳಿಯಿಂದಲೇ ಅವನ ಕೂಗು ಕೇಳಿ ಸಂಗತಿ ತಿಳಿದಳು. ಉರಿಯುವ ಕೊಳ್ಳಿಗಳನ್ನು ಬರಿಗೈಯಲ್ಲಿ ಎಳೆದೆಸೆದಳು. ಹತ್ತಿರವಿದ್ದ ಕೊಡದ ತಣ್ಣೀರನ್ನು ಹಂಡೆಗೆ ಸುರಿದಳು. ಕೊಟ್ಟಿಗೆಯಿಂದ ಹಾರೆ ತಂದು ಅವನ ಕೈಗಿಟ್ಟಳು.

"ಹಿತ್ತಲ ಗೋಡೆ ಒಡೆಯಿರಿ. ಅದೊಂದೇ ಮಣ್ಣಿನದು."

ಅವನು ಸಂದಿಗೆ ಮುಖವಿಟ್ಟು ಬಾಗಿದ್ದ. ಹಾರೆ ಕೈಗೆ ಬಂತು. ಕಾಲು ಮಾತ್ರ ಏಳಲಿಲ್ಲ.

"ಆ ಗೋಡೆ ಬೇಡ," ಎಂದ. "ಬಾಗಿಲನ್ನೇ ಇನ್ನೊಮ್ಮೆ ನೋಡೋಣ. ಬಿಲ್ಲೆ ಹೋದರೆ ಮತ್ತೆ ಸಿಗುವುದಿಲ್ಲ ಕಣೇ."

ಹೆಂಡತಿ ಅವನ ಮುಖ ನೋಡಿದಳು, ಅಷ್ಟೆ. ಒಳಗೆ ನೀರು ಸುರಿಯುತ್ತಲೇ ಇತ್ತು. ನಡುಮನೆಯ ತೊಟ್ಟಿಲಲ್ಲಿ ಕೂಸು ಎದ್ದು ಅಳತೊಡಗಿತು.

ಆಗ ಓಡಿದ. ಹಿತ್ತಲಿಗೆ ಸುತ್ತು ಹಾಕಿ ಬಂದು ಗೋಡೆಗೆ ಹಾರೆ ಹಾಕಿದ. ಮಣ್ಣು ಸುಲಭವಾಗಿ ಬಿತ್ತು. ಅದರ ಹಿಂದಿನ ಬಿಲ್ಲೆ ಬೀಳಲಿಲ್ಲ. ಭದ್ರವಾಗಿರಲೆಂದು ಬೆಲ್ಲ ಬೆರೆಸಿದ ಗಾರೆಯಲ್ಲಿ ಕೂರಿಸಿದವನು ತಾನೇ. ಹೊಡೆದ. ಮತ್ತೆ ಹೊಡೆದ. ನೀಲಿ ಹೂಗಳು ಒಳಕ್ಕೆ ಚೂರುಚೂರಾಗಿ ಉದುರಿದವು. ಕಿಂಡಿ ದೊಡ್ಡದಾಗುವವರೆಗೆ ಕಾಯದೆ ಮೈ ತೂರಿಸಿದ. ಚೂರುಗಳು ತೋಳನ್ನು, ಬೆನ್ನನ್ನು ಕೊಯ್ದವು. ಮಗಳನ್ನು ಎತ್ತಿಕೊಂಡು ಹೊರಗೆ ಬಂದ.

ಅವಳ ಒಂದು ಭುಜ ಬೆಂದಿತ್ತು. ಉಸಿರು ಇತ್ತು. ಗಾಳಿ ಸೋಕಬಾರದ ಮೈಯನ್ನು ಅಪ್ಪ ಅಮ್ಮ ಇಬ್ಬರೂ ಗಾಳಿಗೇ ಒಡ್ಡಿ ಕೂತರು. ತುಸು ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ಅಪ್ಪನ ರಕ್ತದ ಕೈ ನೋಡಿ ಮೆಲ್ಲಗೆ ಮುಖ ತಿರುಗಿಸಿದಳು. ಬಾಣಂತಿ ರಕ್ತ ನೋಡಲಾರಳು ಎಂದುಕೊಂಡ ವರ್ತಕ.

ಭುಜ ಮಾಯಿತು. ತಿಂಗಳು ತುಂಬಿದ ಮೇಲೆ ಮಗಳು ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೋದಳು. ಹೋಗುವಾಗ ಕಾಲಿಗೆ ಬಿದ್ದಳು. ಕೊರಳಿಗೆ ಕೈ ಹಾಕಲಿಲ್ಲ.

ಬಾಗಿಲ ಬಳಿ ಆಡಿದ ಮಾತು ವರ್ತಕನ ಮನಸ್ಸಿನಲ್ಲಿ ಮುಳ್ಳಿನಂತೆ ಇತ್ತು. ಎರಡು ಉಸಿರಿನ ಹೊತ್ತು, ಗಾಬರಿಯಲ್ಲಿ ಬಾಯಿಗೆ ಬಂದದ್ದು, ಕೇಳಿಸಿಕೊಂಡವಳು ಹೆಂಡತಿ ಒಬ್ಬಳೇ, ಎಂದು ಸಮಾಧಾನ ಮಾಡಿಕೊಂಡ. ಹೆಂಡತಿ ಆ ಮಾತನ್ನು ಎಂದೂ ಎತ್ತಲಿಲ್ಲ.

ಅವನು ಬಚ್ಚಲನ್ನು ಬುಡಸಹಿತ ಕೆಡವಿಸಿದ. ಈ ಸಲ ಹೆಂಡತಿಯನ್ನು ನಿಲ್ಲಿಸಿ ಗೂಟ ಹೊಡೆಸಿದ, ಅವಳು ಹೇಳಿದಲ್ಲಿ ಗೂಡು ಬಿಡಿಸಿದ. ನೀರು ಹೊಯ್ಯುವವರು ನಿಲ್ಲಲು ಜಾಗ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸಲು ಮಣೆ, ಎರಡು ಕಿಟಕಿ. ಬಾಗಿಲು ಹೊರಕ್ಕೆ ತೆರೆಯುತ್ತಿತ್ತು. ಗೋಡೆಗೆ ಬರೀ ಸುಣ್ಣ. ಅಂಥ ಬಚ್ಚಲು ಸುತ್ತಲ ಸೀಮೆಯಲ್ಲಿ ಇರಲಿಲ್ಲ. ಹೆಂಗಸರು ನೋಡಲೆಂದೇ ಬಂದು ಹೋದರು.

ಮಗಳಿಗೆ ಮತ್ತೆ ದಿನ ತುಂಬುತ್ತ ಬಂತು. ವರ್ತಕ ತಾನೇ ಗಾಡಿ ಕಟ್ಟಿಸಿಕೊಂಡು ಕರೆಯಲು ಹೋದ.

"ಬಚ್ಚಲು ಬೇರೆ ಮಾಡಿಸಿದ್ದೇನೆ, ಪುಟ್ಟೀ. ಎಲ್ಲ ನಿನಗಾಗಿಯೇ."

ಮಗಳು ಮಜ್ಜಿಗೆ ತಂದುಕೊಟ್ಟಳು. ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು.

"ಇಲ್ಲೇ ಆಗಲಿ, ಅಪ್ಪಯ್ಯ. ಹಿತ್ತಲಲ್ಲಿ ತಟ್ಟಿ ಕಟ್ಟಿಸಿದ್ದಾರೆ. ನನಗೆ ಅಷ್ಟು ಸಾಕು."

ಅವನು ಮಜ್ಜಿಗೆ ಕುಡಿದ. ಖಾಲಿ ಗಾಡಿ ತಿರುಗಿಸಿಕೊಂಡು ಬಂದ.

ಗುರುತಾಯಿ ಕತೆ ನಿಲ್ಲಿಸಿದರು.

"ಹೊಸ ಬಚ್ಚಲು ಸರಿಯಾಗಿತ್ತಲ್ಲ, ತಾಯಿ," ಎಂದ ಶಿಷ್ಯ. "ಗೋಡೆ ಒಡೆದು ಅವಳನ್ನು ಉಳಿಸಿದವನೂ ಅವನೇ. ಎಚ್ಚರ ತಪ್ಪಿ ಬಿದ್ದವಳಿಗೆ ಉಳಿದದ್ದೇನು ಗೊತ್ತು? ಮತ್ತೇಕೆ ಬರಲಿಲ್ಲ?"

ಗುರುತಾಯಿ ಮರಳಿನ ಮೇಲಿನ ಗೆರೆಗಳಲ್ಲಿ ಬಾಗಿಲಿದ್ದ ಜಾಗಕ್ಕೆ ಬೆರಳಿಟ್ಟು ಹೇಳಿದರು:

"ಕೈಕಾಲಿಗೆ ಎಚ್ಚರ ತಪ್ಪಿತ್ತು, ಮಗು, ಅವಳ ಕಿವಿ ಬಾಗಿಲ ಸಂದಿಯಲ್ಲೇ ಇತ್ತು."